ಹಣದ ಚೀಲವೂ ಹಣೆಪಟ್ಟಿಯೂ

ಪ್ರವಾಸಿಗಳು ಬಂದುಹೋಗುವ ಊರುಗಳ ಅಂಗಡಿಬೀದಿಯಲ್ಲಿ ಒಂದು ಬಗೆಯ ಅಲಿಖಿತ ಭೂಗೋಳಶಾಸ್ತ್ರವು ಬಳಕೆಯಲ್ಲಿದೆ. ಅದರ ಪ್ರಕಾರ ಅಮೆರಿಕದವನು ಧಾರಾಳಿ, ಡಚ್ಚನು ಜಿಪುಣ, ಜರ್ಮನಿಯವನು ಬೆಲೆಪಟ್ಟಿಯನ್ನು ಎರಡು ಸಲ ಓದುವವನು, ಜಪಾನಿನವನು ಕಂಡುದನ್ನೆಲ್ಲ ಕೊಳ್ಳುವವನು, ಇಸ್ರೇಲಿನವನು ಹತ್ತು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವವನು. ಈ ಶಾಸ್ತ್ರಕ್ಕೆ ಗ್ರಂಥವಿಲ್ಲ, ಪರೀಕ್ಷೆಯಿಲ್ಲ. ಆದರೂ ಹೋಟೆಲಿನ ಮಾಣಿಯಿಂದ ಹಿಡಿದು ಹರಿಗೋಲು ಹಾಕುವವನವರೆಗೆ ಎಲ್ಲರೂ ಇದರಲ್ಲಿ ಪಂಡಿತರು. ಬಂದವನ ಮುಖವನ್ನೂ ಉಡುಪನ್ನೂ ನೋಡಿ, ಅವನು ಬಾಯಿ ತೆರೆಯುವ ಮೊದಲೇ ವಸ್ತುವಿನ ಬೆಲೆಯು ನಿಶ್ಚಯವಾಗಿಬಿಡುತ್ತದೆ.

ಇದನ್ನು ಅಂಗಡಿಕಾರನ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಿತ್ಯವೂ ನೂರಾರು ಮಂದಿಯನ್ನು ಕಾಣುವವನ ಕಣ್ಣು ಸುಲಭವಾಗಿ ಮೋಸಹೋಗುವುದಿಲ್ಲ. ಅವನು ಕಂಡದ್ದು ಬಹುಮಟ್ಟಿಗೆ ನಿಜ. ಕಂಡದ್ದಕ್ಕೆ ಅವನು ಕೊಡುವ ಕಾರಣ ಮಾತ್ರ ನಿಜವಲ್ಲ. ಒಂದು ದೇಶದ ಜನ ಹೆಚ್ಚು ಕೊಳ್ಳುವುದನ್ನು ನೋಡುತ್ತಾನೆ. ಅದು ಅವರ ರಕ್ತದಲ್ಲಿಯೇ ಇರುವ ಗುಣವೆಂದು ತೀರ್ಮಾನಿಸುತ್ತಾನೆ. ಈ ಎರಡರ ನಡುವೆ ವಿನಿಮಯ ದರವಿದೆ, ಸುಂಕವಿದೆ, ರಜೆಯ ನಿಯಮವಿದೆ, ಊರಿನಲ್ಲಿ ಕಾದು ಕುಳಿತಿರುವ ನೆಂಟರಿಷ್ಟರಿದ್ದಾರೆ. ಇವು ಯಾವುವೂ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕಾಣಿಸಿಕೊಳ್ಳುವುದಿಲ್ಲ.

ಇಂಗ್ಲೆಂಡಿನ ಪ್ರವಾಸಿಗಳ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನಗಳ ತರುಣರು ವಿದ್ಯಾಭ್ಯಾಸದ ಕೊನೆಯ ಹಂತವೆಂಬಂತೆ ಫ್ರಾನ್ಸ್, ಇಟಲಿಗಳಲ್ಲಿ ವರ್ಷಗಟ್ಟಲೆ ಸಂಚರಿಸುತ್ತಿದ್ದರು. ಅವರ ಕೈ ಎಷ್ಟು ಸಡಿಲವಾಗಿತ್ತೆಂದರೆ ಅಲ್ಲಿನ ವಸತಿಗೃಹಗಳ ಯಜಮಾನರು ಇಂಗ್ಲಿಷನಾಗಿ ಬಂದ ಪ್ರತಿಯೊಬ್ಬನನ್ನೂ ‘ಮಿಲಾರ್ಡ್’ ಎಂದೇ ಸಂಬೋಧಿಸುತ್ತಿದ್ದರು. ಆತನು ಪ್ರಭುವಂಶದವನೋ ವರ್ತಕನ ಮಗನೋ ಎಂಬ ವಿಚಾರಣೆ ಅವರಿಗೆ ಬೇಕಿರಲಿಲ್ಲ. ಆ ಸಂಬೋಧನೆಗೆ ತಕ್ಕಂತೆ ಬಿಲ್ಲು ಬರೆದರೆ ಸಾಕಾಗಿತ್ತು. ಫ್ರಾನ್ಸಿನ ನೀಸ್ ನಗರದ ಕಡಲತೀರದಲ್ಲಿ ಇಂದಿಗೂ ‘ಇಂಗ್ಲಿಷರ ವಿಹಾರಪಥ’ ಎಂಬ ಅರ್ಥದ ಹೆಸರುಳ್ಳ ರಸ್ತೆಯಿದೆ. ೧೮೨೦ರ ದಶಕದಲ್ಲಿ ಅದು ಮೊದಲು ನಿರ್ಮಾಣವಾದದ್ದು ಅಲ್ಲಿ ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷರ ಹಣದಿಂದಲೇ.

ಅದೇ ಇಂಗ್ಲೆಂಡಿನ ಪ್ರಜೆಯು ೧೯೬೬ರ ಕೊನೆಯ ವೇಳೆಗೆ ಯೂರೋಪಿನ ಅದೇ ಬೀದಿಗಳಲ್ಲಿ ಬಿಲ್ಲೆ ಎಣಿಸುತ್ತ ನಿಂತನು. ಅವನ ದೇಶದ ವಿದೇಶೀ ವಿನಿಮಯದ ಭಂಡಾರವು ಬರಿದಾಗತೊಡಗಿತ್ತು. ಹೆರಲ್ಡ್ ವಿಲ್ಸನ್ನರ ಸರ್ಕಾರವು ಸ್ಟರ್ಲಿಂಗ್ ವಲಯದ ಹೊರಗೆ ಪ್ರವಾಸ ಹೋಗುವವನು ವರ್ಷಕ್ಕೆ ೫೦ ಪೌಂಡಿಗಿಂತ ಹೆಚ್ಚು ಹಣವನ್ನು ಬಳಸಕೂಡದೆಂದು ಕಟ್ಟುಮಾಡಿತು. ಪಡೆದ ಹಣವನ್ನು ಪಾಸ್‌ಪೋರ್ಟಿನಲ್ಲಿ ದಾಖಲಿಸಲಾಗುತ್ತಿತ್ತು. ಮರುವರ್ಷ ಪೌಂಡಿನ ಮೌಲ್ಯವನ್ನು ೨.೮೦ ಡಾಲರಿನಿಂದ ೨.೪೦ ಡಾಲರಿಗೆ ಇಳಿಸಿದಾಗ ಆ ೫೦ ಪೌಂಡು ಇನ್ನೂ ಕುಗ್ಗಿತು. ೧೯೭೦ರವರೆಗೆ ಈ ಕಟ್ಟುಪಾಡು ನಡೆಯಿತು. ‘ಮಿಲಾರ್ಡ್’ನ ಮೊಮ್ಮಕ್ಕಳು ಕಾಫಿಯ ಬೆಲೆ ಕೇಳಿ ಎದ್ದುಹೋಗುವುದನ್ನು ಕಂಡವನು ಇಂಗ್ಲಿಷರು ಹುಟ್ಟಾ ಜಿಪುಣರೆಂದು ಭಾವಿಸಿದ್ದರೆ ಆಶ್ಚರ್ಯವೇನು? ಒಂದು ಜನಾಂಗದ ಸ್ವಭಾವವು ಒಂದು ಸರ್ಕಾರಿ ಆಜ್ಞೆಯಿಂದ ಮಾರ್ಪಡುವುದಾದರೆ ಅದನ್ನು ಸ್ವಭಾವವೆಂದು ಕರೆಯುವುದೇ ತಪ್ಪು.

ಭಕ್ಷೀಸಿನ ವಿಚಾರದಲ್ಲಿ ಈ ಬಗೆಯ ತಪ್ಪು ತಿಳಿವಳಿಕೆ ಇನ್ನೂ ಸ್ವಾರಸ್ಯಕರವಾಗಿದೆ. ಅಮೆರಿಕದವನು ಊಟವಾದ ಬಳಿಕ ಮೇಜಿನ ಮೇಲೆ ಕೈತುಂಬ ಹಣವಿಟ್ಟು ಏಳುತ್ತಾನೆ. ಫ್ರಾನ್ಸಿನವನು ನಾಲ್ಕು ಬಿಲ್ಲೆಗಳನ್ನು ಇಡುತ್ತಾನೆ. ಜಪಾನಿನವನು ಏನನ್ನೂ ಇಡುವುದಿಲ್ಲ. ಇದರಿಂದ ಒಬ್ಬನು ಉದಾರಿಯೂ ಇನ್ನೊಬ್ಬನು ಲೋಭಿಯೂ ಆಗುವುದಿಲ್ಲ. ಅಮೆರಿಕದಲ್ಲಿ ಭಕ್ಷೀಸು ಪಡೆಯುವ ನೌಕರನಿಗೆ ಮಾಲೀಕನು ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿನ ಕೇಂದ್ರ ಸರ್ಕಾರವು ೧೯೯೧ರಿಂದ ಗಂಟೆಗೆ ೨.೧೩ ಡಾಲರಿಗೇ ನಿಲ್ಲಿಸಿದೆ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ. ಉಳಿದೆಡೆ ಬಡಿಸುವವನ ಸಂಸಾರವು ಗಿರಾಕಿಯ ಭಕ್ಷೀಸಿನಿಂದಲೇ ಸಾಗಬೇಕು. ಅಲ್ಲಿ ಭಕ್ಷೀಸು ಔದಾರ್ಯವಲ್ಲ, ಕೂಲಿಯ ಒಂದು ಭಾಗ. ಫ್ರಾನ್ಸಿನಲ್ಲಿ ಸೇವೆಯ ಶುಲ್ಕವು ಬೆಲೆಯಲ್ಲಿಯೇ ಸೇರಿರುತ್ತದೆ. ಜಪಾನಿನಲ್ಲಂತೂ ಬಿಟ್ಟುಬಂದ ಹಣವನ್ನು ಗಿರಾಕಿಯು ಮರೆತುಹೋದನೆಂದು ತಿಳಿದು ಮಾಣಿಯೇ ಹಿಂದೆ ಓಡಿಬಂದು ಹಿಂದಿರುಗಿಸುವುದುಂಟು. ಹೀಗೆ ಪ್ರತಿಯೊಬ್ಬನೂ ತನ್ನ ಊರಿನ ಮರ್ಯಾದೆಯನ್ನೇ ಪಾಲಿಸುತ್ತಿರುವಾಗ ಪರಊರಿನ ಮಾಣಿಯು ಅವನಿಗೆ ಅಂಕ ಹಾಕುತ್ತಾನೆ.

ಜಪಾನಿನವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಎರಡನೆಯ ಮಹಾಯುದ್ಧದ ತರುವಾಯ ಬಹುಕಾಲ ಅಲ್ಲಿನ ಸಾಮಾನ್ಯ ಪ್ರಜೆಗೆ ವಿಹಾರಕ್ಕಾಗಿ ವಿದೇಶಕ್ಕೆ ಹೋಗುವ ಅವಕಾಶವೇ ಇರಲಿಲ್ಲ. ೧೯೬೪ರ ಏಪ್ರಿಲ್ ೧ರಂದು ಆ ಬಾಗಿಲು ತೆರೆಯಿತು. ಆದರೆ ವರ್ಷಕ್ಕೆ ಒಂದು ಸಲ ಮಾತ್ರ, ೫೦೦ ಡಾಲರಿನ ಮಿತಿಯೊಳಗೆ. ಆ ವರ್ಷ ಹೊರಗೆ ಹೋದವರ ಸಂಖ್ಯೆ ಸುಮಾರು ಒಂದು ಲಕ್ಷ ಇಪ್ಪತ್ತೆಂಟು ಸಾವಿರ. ಆಗ ಒಂದು ಡಾಲರಿಗೆ ೩೬೦ ಯೆನ್ ತೆರಬೇಕಾಗಿತ್ತು. ೧೯೮೫ರ ಸೆಪ್ಟೆಂಬರಿನಲ್ಲಿ ಸುಮಾರು ೨೪೦ ಯೆನ್ ಇದ್ದ ದರವು ಅಮೆರಿಕ, ಜಪಾನ್ ಮೊದಲಾದ ಐದು ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದ ಪರಿಣಾಮವಾಗಿ ೧೯೮೭ರ ಕೊನೆಗೆ ೧೨೦ರ ಆಸುಪಾಸಿಗೆ ಇಳಿಯಿತು. ಅಂದರೆ ಟೋಕಿಯೋದ ಗುಮಾಸ್ತನು ಏನೂ ಮಾಡದೆ ತನ್ನ ಮೇಜಿನ ಮುಂದೆ ಕುಳಿತಿದ್ದಂತೆಯೇ ಡಾಲರಿನ ಲೆಕ್ಕದಲ್ಲಿ ಅವನ ಸಂಬಳವು ಇಮ್ಮಡಿಯಾಯಿತು. ೧೯೯೦ರಲ್ಲಿ ವಿದೇಶಕ್ಕೆ ಹೋದ ಜಪಾನೀಯರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಪ್ಯಾರಿಸ್ಸಿನ ಅಂಗಡಿಗಳಲ್ಲಿ ಅವರು ಸಾಲುಗಟ್ಟಿ ನಿಂತು ಕೈಚೀಲಗಳನ್ನೂ ಸುಗಂಧದ್ರವ್ಯಗಳನ್ನೂ ಕೊಳ್ಳುತ್ತಿದ್ದುದನ್ನು ಜಗತ್ತು ನೋಡಿ ನಕ್ಕಿತು. ನಕ್ಕವರಿಗೆ ಮೂರು ಸಂಗತಿಗಳು ತಿಳಿದಿರಲಿಲ್ಲ. ಅದೇ ಕೈಚೀಲಕ್ಕೆ ಟೋಕಿಯೋದಲ್ಲಿ ಇನ್ನೂ ಹೆಚ್ಚು ಬೆಲೆಯಿತ್ತು. ಪ್ಯಾರಿಸ್ಸಿನಲ್ಲಿ ಕೊಳ್ಳುವುದು ದುಂದಲ್ಲ, ಉಳಿತಾಯ. ಕಂಪನಿಯ ನೌಕರನಿಗೆ ಒಟ್ಟಾಗಿ ಸಿಗುತ್ತಿದ್ದ ರಜೆಯು ವಾರದ ಮಟ್ಟಿಗಿನದು. ಆ ವಾರದಲ್ಲಿ ಮೂರು ರಾಜಧಾನಿಗಳನ್ನು ಕಂಡು ಬರುವವನಿಗೆ ಬೀದಿಬೀದಿ ಅಲೆದು ಬೆಲೆ ವಿಚಾರಿಸಲು ಬಿಡುವಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜಪಾನಿನಲ್ಲಿ ಯಾತ್ರೆ ಹೊರಟವನಿಗೆ ಬಂಧುಮಿತ್ರರು ‘ಸೆಂಬೆತ್ಸು’ ಎಂದು ಬೀಳ್ಕೊಡುಗೆಯ ಹಣ ಕೊಡುವ ರೂಢಿಯಿತ್ತು. ಪಡೆದವನು ಹಿಂದಿರುಗುವಾಗ ಪ್ರತಿಯೊಬ್ಬರಿಗೂ ‘ಒಮಿಯಾಗೆ’ ಎಂಬ ಕಾಣಿಕೆಯನ್ನು ತರಲೇಬೇಕು. ಕಚೇರಿಯ ಸಹೋದ್ಯೋಗಿಗಳನ್ನೂ ಮರೆಯುವಂತಿಲ್ಲ. ತಿರುಪತಿಗೆ ಹೋದವನು ಕೇರಿಗೆಲ್ಲ ಲಾಡು ಹಂಚುವುದನ್ನು ಬಲ್ಲ ಕನ್ನಡಿಗನಿಗೆ ಇದು ಬೇಗ ಅರ್ಥವಾಗಬೇಕು. ಆ ಚೀಲಗಳಲ್ಲಿ ತುಂಬಿದ್ದುದರಲ್ಲಿ ಎಷ್ಟೋ ಪಾಲು ಕೊಂಡವನಿಗಾಗಿ ಕೊಂಡದ್ದೇ ಅಲ್ಲ.

ತರುವಾಯ ಸರದಿಯು ಚೀನೀಯರದಾಯಿತು. ೨೦೧೨ರಲ್ಲಿ ಚೀನಾದ ಪ್ರವಾಸಿಗಳು ವಿದೇಶಗಳಲ್ಲಿ ೧೦೨ ಶತಕೋಟಿ ಡಾಲರ್ ವ್ಯಯಮಾಡಿ ಜಗತ್ತಿನಲ್ಲೇ ಮೊದಲಿಗರಾದರು. ಅವರ ಕೊಳ್ಳುವಿಕೆಯನ್ನು ವರ್ಣಿಸಲು ಜಪಾನಿನಲ್ಲಿ ‘ಬಕುಗಾಯಿ’, ಅಂದರೆ ಸ್ಫೋಟದಂತಹ ಖರೀದಿ, ಎಂಬ ಮಾತು ಹುಟ್ಟಿ ೨೦೧೫ರಲ್ಲಿ ವರ್ಷದ ಪದವೆಂಬ ಗೌರವಕ್ಕೂ ಪಾತ್ರವಾಯಿತು. ಮೂವತ್ತು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ತಮ್ಮನ್ನು ನೋಡಿ ಜನ ನಕ್ಕಿದ್ದುದು ಟೋಕಿಯೋದವರಿಗೆ ಮರೆತುಹೋಗಿತ್ತು. ಆಮದು ಸುಂಕ ಮತ್ತು ತೆರಿಗೆಗಳಿಂದಾಗಿ ಚೀನಾದಲ್ಲಿಯೂ ಬೆಲೆಬಾಳುವ ವಸ್ತುಗಳು ಹೊರಗಿಗಿಂತ ತುಟ್ಟಿಯಾಗಿದ್ದವು ಎಂಬುದನ್ನು ಹೇಳಿದರೆ ಉಳಿದ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ೨೦೨೪ರ ಜುಲೈಯಲ್ಲಿ ಒಂದು ಡಾಲರಿಗೆ ೧೬೦ ಯೆನ್ ಆದಾಗ, ಯಾರನ್ನು ದುಂದುಗಾರರೆಂದು ಕರೆದಿದ್ದರೋ ಆ ಜಪಾನೀಯರಲ್ಲಿ ಅನೇಕರು ವಿದೇಶಯಾತ್ರೆಯ ಯೋಚನೆಯನ್ನೇ ಮುಂದೂಡಿದರು. ಆ ವರ್ಷ ಸುಮಾರು ಮೂರು ಕೋಟಿ ಅರವತ್ತೆಂಟು ಲಕ್ಷ ವಿದೇಶೀಯರು ಜಪಾನಿಗೆ ಬಂದಿಳಿದರು.

ಈ ವಿಚಾರವನ್ನು ಪರೀಕ್ಷಿಸಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹಂಪಿಯ ಎದುರುದಡದಲ್ಲಿ, ತುಂಗಭದ್ರೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡೆಯಲ್ಲಿ, ಬಹುಕಾಲ ವಿದೇಶೀ ತರುಣತರುಣಿಯರ ಬೀಡಿತ್ತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಅಲ್ಲಿನ ವಸತಿಗೃಹಗಳು ತೆರವಾದವು. ಅಲ್ಲಿಗೆ ಬರುತ್ತಿದ್ದವರಲ್ಲಿ ಇಸ್ರೇಲಿನವರು ಅನೇಕರು; ಹೀಬ್ರೂ ಭಾಷೆಯ ಫಲಕಗಳು ಸಹ ಅಂಗಡಿಗಳ ಮುಂದೆ ತೂಗುತ್ತಿದ್ದವು. ಇಸ್ರೇಲಿನವನು ಜಗಳಗಂಟ ಜಿಪುಣನೆಂಬ ಮಾತು ಹಂಪಿಯಲ್ಲಿಯೂ ಗೋವೆಯಲ್ಲಿಯೂ ಒಂದೇ ಸಮನೆ ಕೇಳಿಬರುತ್ತದೆ. ಆದರೆ ಬಂದವರು ಯಾರು? ಆ ದೇಶದಲ್ಲಿ ಬಹುಪಾಲು ಯುವಜನರಿಗೆ ಎರಡು ಮೂರು ವರ್ಷಗಳ ಸೈನಿಕ ಸೇವೆಯು ಕಡ್ಡಾಯ. ಅದನ್ನು ಮುಗಿಸಿ, ಬಿಡುಗಡೆಯ ಕಾಲದಲ್ಲಿ ದೊರೆತ ಹಣಕ್ಕೆ ನಾಲ್ಕಾರು ತಿಂಗಳ ದುಡಿಮೆಯನ್ನು ಸೇರಿಸಿಕೊಂಡು, ಅದು ಮುಗಿಯುವವರೆಗೆ ತಿರುಗಾಡಲು ಹೊರಟ ಇಪ್ಪತ್ತೆರಡು ವರ್ಷದವರು ಅವರು. ಯಾವ ದೇಶದ ಇಪ್ಪತ್ತೆರಡರ ಹರೆಯದವನು ತಾನೇ ಬೇರೆ ರೀತಿಯಲ್ಲಿ ವ್ಯವಹರಿಸಿಯಾನು? ಅಂಗಡಿಕಾರನು ಕಂಡದ್ದು ಇಸ್ರೇಲನ್ನಲ್ಲ, ವಯಸ್ಸನ್ನು.

ಜಿಪುಣನೆನಿಸಿದ ಆ ತರುಣನು ನದಿ ದಾಟಿಸಿದವನಿಗೆ, ಚಹಾ ಕಾಸುವವಳಿಗೆ, ಸೈಕಲ್ ಬಾಡಿಗೆ ಕೊಡುವವನಿಗೆ ದಿನವೂ ಸ್ವಲ್ಪ ಸ್ವಲ್ಪವಾಗಿ ಒಂದು ತಿಂಗಳು ಹಣ ಕೊಟ್ಟು ಹೋಗುತ್ತಿದ್ದನು. ಹವಾನಿಯಂತ್ರಿತ ಬಸ್ಸಿನಲ್ಲಿ ಬಂದು ಒಂದೇ ದಿನದಲ್ಲಿ ವಿಠ್ಠಲ ದೇವಾಲಯವನ್ನೂ ಕಮಲ ಮಹಲನ್ನೂ ನೋಡಿ ಮರಳುವ ಧನಿಕನ ಹಣವಾದರೋ ಬಹುಪಾಲು ವಿಮಾನ ಕಂಪನಿಗೂ ದೊಡ್ಡ ಹೋಟೆಲಿಗೂ ಮೊದಲೇ ಸಂದಿರುತ್ತದೆ. ಯಾರು ಹೆಚ್ಚು ಖರ್ಚು ಮಾಡಿದರೆಂಬ ಪ್ರಶ್ನೆಗೆ, ಯಾರ ಕೈಗೆ ಎಂದು ಕೇಳದೆ ಉತ್ತರವಿಲ್ಲ.

ಹಣೆಪಟ್ಟಿಯ ಈ ಅಭ್ಯಾಸವು ಅಂಗಡಿಯಲ್ಲಿಯೇ ನಿಲ್ಲುವುದಿಲ್ಲ. ಹಂಪಿಯಲ್ಲಿ ಭಾರತೀಯನಿಗೆ ೪೦ ರೂಪಾಯಿ, ವಿದೇಶೀಯನಿಗೆ ೬೦೦ ರೂಪಾಯಿ ಪ್ರವೇಶಶುಲ್ಕವೆಂದು ೨೦೧೮ರಲ್ಲಿ ಗೊತ್ತುಪಡಿಸಲಾಯಿತು. ಸ್ವಂತ ನಾಡಿನ ಬಡವನೂ ತನ್ನ ಪೂರ್ವಿಕರ ಕೃತಿಗಳನ್ನು ನೋಡಲಿ ಎಂಬ ಉದ್ದೇಶಕ್ಕೆ ಆಕ್ಷೇಪವಿಲ್ಲ. ಆದರೆ ನೋಟ ಮಾತ್ರದಿಂದಲೇ ದೇಶವನ್ನು ನಿರ್ಣಯಿಸುವ ಚಟ ಬೆಳೆದಲ್ಲಿ, ಮಣಿಪುರ, ನಾಗಾಲ್ಯಾಂಡ್‌ಗಳಿಂದ ಬಂದ ಭಾರತೀಯರು ಭಾರತದ ಸ್ಮಾರಕಗಳ ಬಾಗಿಲಲ್ಲೇ ತಾವು ಭಾರತೀಯರೆಂದು ರುಜುವಾತುಪಡಿಸಬೇಕಾಗಿ ಬಂದಿದೆ. ಪ್ರವಾಸಿಯ ಬೆಲೆ ಕಟ್ಟಲು ಕಲಿತ ಕಣ್ಣು ತನ್ನ ದೇಶಬಾಂಧವನನ್ನೇ ಪರಕೀಯನನ್ನಾಗಿ ಮಾಡಿದ ಅವಮಾನವಿದು. ಹೆಚ್ಚಿನ ಶುಲ್ಕವನ್ನು ಆಮೇಲೆ ಹಿಂದಿರುಗಿಸಬಹುದು. ಸರದಿಯಲ್ಲಿ ಎಲ್ಲರೆದುರು ಪಕ್ಕಕ್ಕೆ ನಿಲ್ಲಿಸಿದ ಆ ನಿಮಿಷಗಳನ್ನು ಹಿಂದಿರುಗಿಸಲಾಗದು.

ಭಾರತೀಯನೂ ಹೊರನಾಡಿನಲ್ಲಿ ಇಂತಹ ಹಣೆಪಟ್ಟಿಯನ್ನು ಹೊತ್ತವನೇ. ೧೯೭೦ರ ಸುಮಾರಿನಲ್ಲಿ ಓದಲೆಂದು ಹೊರಟ ಅನೇಕರಿಗೆ ವಿಮಾನ ಹತ್ತುವಾಗ ಕೊಂಡೊಯ್ಯಲು ಅನುಮತಿಯಿದ್ದುದು ಎಂಟು ಡಾಲರ್ ಮಾತ್ರ. ಪೆಟ್ಟಿಗೆಯಲ್ಲಿ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಯ ಜಾಡಿ. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಒಂದು ಲೋಟ ಚಹಾ ಕೊಳ್ಳಲು ಹತ್ತು ಸಲ ಯೋಚನೆ. ಭಾರತೀಯರು ಕಾಸು ಬಿಚ್ಚದವರೆಂದು ಅಲ್ಲಿನವರು ಆಡಿಕೊಂಡರು. ೨೦೦೪ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ವರ್ಷಕ್ಕೆ ೨೫,೦೦೦ ಡಾಲರನ್ನು ಹೊರಗೆ ಕಳುಹಿಸಲು ಅವಕಾಶ ಕೊಟ್ಟಿತು. ಇಂದು ಆ ಮಿತಿ ೨,೫೦,೦೦೦ ಡಾಲರ್. ಅಂದು ಎಂಟು ಡಾಲರ್ ಹಿಡಿದು ಹೊರಟವನ ಮೊಮ್ಮಗನು ಇಂದು ದುಬೈಯಲ್ಲಿಯೋ ಸಿಂಗಪುರದಲ್ಲಿಯೋ ಕೈತುಂಬ ಚೀಲ ಹಿಡಿದು ನಿಂತರೆ, ಭಾರತೀಯರೆಂದರೆ ದುಂದುಗಾರರೆಂದು ಅಲ್ಲಿನ ಅಂಗಡಿಕಾರನು ಪಕ್ಕದವನಿಗೆ ಪಿಸುಗುಟ್ಟುತ್ತಾನೆ. ಆ ಮೊಮ್ಮಗನ ಪೆಟ್ಟಿಗೆಯ ತಳದಲ್ಲಿ, ಬಟ್ಟೆಗಳ ನಡುವೆ, ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿಯ ಪೊಟ್ಟಣವು ಈಗಲೂ ಇದೆ.