ಫಸಲಿನ ಹಣಕ್ಕೆ ಸಂಬಳದ ಲೆಕ್ಕ ಸಾಲದು

ಮನೆಯ ಜಮಾ-ಖರ್ಚನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ ಈಗ ತೋಟದ ಮನೆಗಳಿಗೂ ಬಂದಿದೆ. ಪಟ್ಟಣದಲ್ಲಿ ಕೆಲಸಕ್ಕಿರುವ ಮಕ್ಕಳು ರಜೆಗೆ ಬಂದಾಗ ಒಂದು ಲೆಕ್ಕದ ತಂತ್ರಾಂಶ ಹಾಕಿಕೊಟ್ಟು, ಎರಡು ದಿನ ಕಲಿಸಿ ಹೋಗುತ್ತಾರೆ. ಮೂರು ತಿಂಗಳಲ್ಲಿ ಅದು ಮೂಲೆ ಸೇರುತ್ತದೆ. ಬೆಳೆಗಾರರಿಗೆ ಶಿಸ್ತಿಲ್ಲ ಎಂದು ದೂರುವುದು ಸುಲಭ. ಆದರೆ ಆ ತಂತ್ರಾಂಶಗಳು ತಿಂಗಳ ಸಂಬಳದವರ ಅಳತೆಗೆ ಹೊಲಿದ ಅಂಗಿಗಳೆಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಮೈಗೆ ತಿದ್ದಿಕೊಂಡರೆ ಅವು ಬಹಳ ಉಪಯೋಗಕ್ಕೆ ಬರುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಈ ಬಗೆಯ ತಂತ್ರಾಂಶಗಳಲ್ಲಿ ದೊಡ್ಡ ಹೆಸರು ಮಾಡಿದ್ದು ಕ್ವಿಕನ್. ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ಇಂಟ್ಯೂಟ್ ಕಂಪನಿ ಅದನ್ನು ತಯಾರಿಸಿದ್ದು ಅಲ್ಲಿನ ಸಂಸಾರಸ್ಥರು ತಿಂಗಳು ತಿಂಗಳೂ ಬರೆಯುವ ಚೆಕ್ಕುಗಳ ಲೆಕ್ಕಕ್ಕಾಗಿ. ನಮ್ಮ ಕಥೆ ಬೇರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಕೊಯ್ಲು ಜನವರಿಯಿಂದ. ಅಡಿಕೆ ಕೊಯ್ಲೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಕೈಗೆ ಹಣ ಬರುವುದು ಬಹುಪಾಲು ಬೇಸಿಗೆಯೊಳಗೆ. ಖರ್ಚಾದರೋ ವರ್ಷವಿಡೀ. ಮಳೆಗೆ ಮುಂಚೆ ಗೊಬ್ಬರ, ಮೈಲುತುತ್ತು, ಸುಣ್ಣ, ಜೂನಿನಲ್ಲಿ ಮಕ್ಕಳ ಫೀಸು, ಮಳೆಗಾಲದ ಕೂಲಿ, ಆಮೇಲೆ ಹಬ್ಬಗಳ ಸಾಲು. ಕೊಯ್ಲಿನ ಆಳುಗಳಿಗೆ ಬಟವಾಡೆ ಮಾಡಬೇಕಾದ ಹೊತ್ತಿಗೆ ಕೈ ಬರಿದು. ಆಗ ವ್ಯಾಪಾರಿಯ ಮುಂಗಡ. ಮುಂಗಡ ಕೊಟ್ಟವನು ಹೇಳಿದ ದರಕ್ಕೆ ಫಸಲು. ಮನೆಯ ಲೆಕ್ಕ ತಪ್ಪಿದ್ದಕ್ಕೆ ದಂಡವನ್ನು ನಾವು ಕಾಫಿಯ ದರದಲ್ಲಿ ತೆರುತ್ತೇವೆ.

ಹಿಂದೆ ಈ ಹಣದ ಹರಿವನ್ನು ಸ್ವಲ್ಪಮಟ್ಟಿಗೆ ಕಾಫಿ ಮಂಡಳಿಯೇ ನಿಯಂತ್ರಿಸುತ್ತಿತ್ತು. ಪೂಲಿಗೆ ಕಾಫಿ ಕೊಟ್ಟವರಿಗೆ ಹಣ ಕಂತು ಕಂತಾಗಿ ಬರುತ್ತಿತ್ತು. ಕಂತು ತಡವಾಯಿತೆಂದು ಗೊಣಗದವರಿರಲಿಲ್ಲ. ಆದರೆ ಹಣ ಒಮ್ಮೆಗೇ ಕರಗಿಹೋಗದಂತೆ ಅದೇ ಒಂದು ಕಟ್ಟೆಯಾಗಿತ್ತು. 1996ರ ಹೊತ್ತಿಗೆ ಆ ವ್ಯವಸ್ಥೆ ಪೂರ್ಣವಾಗಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯ ಬಂತು, ಜೊತೆಗೆ ಹಣವನ್ನು ಹಂಚಿಕೊಳ್ಳುವ ಜವಾಬ್ದಾರಿಯೂ ಬಂತು. ಈಗ ಕಂತುಗಳನ್ನು ನಾವೇ ಮಾಡಿಕೊಳ್ಳಬೇಕು. ತಂತ್ರಾಂಶದಿಂದ ನಮಗೆ ಬೇಕಾದ ಕೆಲಸ ಇದೇ.

ಇದಕ್ಕೆ ಮೂರು ತಿದ್ದುಪಡಿ ಸಾಕು. ಒಂದು, ಆಯವ್ಯಯವನ್ನು ತಿಂಗಳಿಗೆ ಬದಲು ವರ್ಷಕ್ಕೆ ಹಾಕಿ, ಆ ವರ್ಷವನ್ನು ಫಸಲಿನ ಹಣ ಬರುವ ತಿಂಗಳಿನಿಂದ ಆರಂಭಿಸುವುದು. ಎರಡು, ತೋಟದ ಖಾತೆ ಮತ್ತು ಮನೆಯ ಖಾತೆಗಳನ್ನು ಬೇರೆ ಮಾಡಿ, ತೋಟದಿಂದ ಮನೆಗೆ ತಿಂಗಳಿಗೆ ಇಂತಿಷ್ಟು ಎಂದು ಸಂಬಳದಂತೆ ಕೊಡುವುದು. ಮೂರು, ಕೈಗೆ ಬಂದ ಹಣಕ್ಕೆ ಮಾತ್ರ ಉದ್ದೇಶ ಹಚ್ಚುವುದು. ಬರಲಿರುವ ಹಣಕ್ಕೆ ಬೇಡ. ನಮ್ಮ ಮನೆಗಳ ಹೆಂಗಸರು ಸಾಸಿವೆ ಡಬ್ಬಿಯಲ್ಲೊಂದು, ಮೆಂತ್ಯದ ಡಬ್ಬಿಯಲ್ಲೊಂದು ಎಂದು ಹಣ ತೆಗೆದಿಟ್ಟದ್ದು ಇದೇ ಶಾಸ್ತ್ರ. ತಂತ್ರಾಂಶದಲ್ಲಿ ಡಬ್ಬಿಗಳ ಬದಲು ಉಪಖಾತೆಗಳು.

ಒಂದು ಉದಾಹರಣೆ ನೋಡೋಣ. ಬೆಳೆಸಾಲ ತೀರಿಸಿದ ಮೇಲೆ ಒಂದು ಮನೆಯಲ್ಲಿ 6,00,000 ರೂಪಾಯಿ ಉಳಿಯಿತೆನ್ನಿ. ಮುಂದಿನ ಫಸಲು ಕೈಗೆ ಬರುವವರೆಗೆ ತೋಟಕ್ಕೆ 2,50,000, ಮನೆಗೆ ತಿಂಗಳಿಗೆ 18,000ದಂತೆ 2,16,000, ವಿದ್ಯಾಭ್ಯಾಸಕ್ಕೆ 60,000, ವಿಮೆ, ಔಷಧಿಗೆ 24,000. ಒಟ್ಟು 5,50,000. ಉಳಿದದ್ದು 50,000. ಮಗಳ ಓದಿಗೆ 5 ವರ್ಷದಲ್ಲಿ 3,00,000 ಬೇಕೆಂದು ಗುರಿ ಬರೆದರೆ, ವರ್ಷಕ್ಕೆ 60,000 ಇಡಬೇಕು, 10,000 ಕಡಿಮೆ ಬೀಳುತ್ತದೆ ಎಂದು ಲೆಕ್ಕ ಅಂದೇ ತೋರಿಸುತ್ತದೆ. ಖರ್ಚು ಇಳಿಸಬೇಕೋ, ಗುರಿಯನ್ನು 6 ವರ್ಷಕ್ಕೆ ಮುಂದೂಡಬೇಕೋ ಎಂದು ಮನೆಯವರು ಕೂತು ತೀರ್ಮಾನಿಸಬಹುದು. ಇದೇ ಕೊರತೆ ಐದನೆಯ ವರ್ಷ, ಕಾಲೇಜಿನ ಬಾಗಿಲಲ್ಲಿ ಗೊತ್ತಾದರೆ ಸಾಲವೊಂದೇ ದಾರಿ.

ಆದಾಯದ ಅಂದಾಜಿನಲ್ಲಿ ಎಚ್ಚರ ಬೇಕು. 1994ರಲ್ಲಿ ಬ್ರೆಜಿಲ್ಲಿನ ಹಿಮಗಟ್ಟುವ ಚಳಿಯಿಂದ ಕಾಫಿ ದರ ಏರಿತು. 2001-02ರ ಹೊತ್ತಿಗೆ ನೆಲ ಕಚ್ಚಿತು. 2024ರಲ್ಲಿ ರೊಬಸ್ಟಾ ದಾಖಲೆಯ ದರ ಕಂಡಿತು. ಏರಿದ ವರ್ಷದ ದರವನ್ನೇ ಶಾಶ್ವತವೆಂದು ಬರೆದುಕೊಂಡು ವಾಹನದ ಕಂತು ಕಟ್ಟಿಕೊಂಡವರು ಇಳಿದ ವರ್ಷ ತೋಟಕ್ಕೆ ಗೊಬ್ಬರ ತಪ್ಪಿಸುತ್ತಾರೆ. ಹಿಂದಿನ ಐದು ವರ್ಷದ ಸರಾಸರಿ ದರ ಹಿಡಿದು ಆಯವ್ಯಯ ಹಾಕುವುದು, ಅದಕ್ಕಿಂತ ಹೆಚ್ಚು ಬಂದದ್ದನ್ನು ‘ಕೆಟ್ಟ ವರ್ಷದ ನಿಧಿ’ ಎಂಬ ಉಪಖಾತೆಗೆ ಹಾಕುವುದು ಲೇಸು. ಅಟ್ಟದ ಮೇಲಿನ ಚಾಲಿಯನ್ನೇ ಉಳಿತಾಯವೆಂದು ನಂಬುವ ಅಡಿಕೆ ಬೆಳೆಗಾರರೂ, ಮಾರುವವರೆಗೆ ಅದು ದಾಸ್ತಾನು ಮಾತ್ರ ಎಂಬುದನ್ನು ಮರೆಯಬಾರದು.

ಯಾವ ತಂತ್ರಾಂಶ ಎಂಬ ಪ್ರಶ್ನೆ ಬರುತ್ತದೆ. ಗ್ನೂಕ್ಯಾಶ್ ಎಂಬುದು ಉಚಿತವಾಗಿ ಸಿಗುತ್ತದೆ. ಲೆಕ್ಕ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಖಾತೆಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಸಾಲದ ಕಂತಿನ ದಿನವನ್ನು ಅದು ನೆನಪಿಸುತ್ತದೆ. ಗಡುವು ತಪ್ಪಿದರೆ ಬೆಳೆಸಾಲದ ಬಡ್ಡಿ ರಿಯಾಯಿತಿ ಕೈತಪ್ಪುವುದರಿಂದ ಈ ಕೊನೆಯ ಸೌಲಭ್ಯವೊಂದೇ ಸಾಕಷ್ಟು ಬೆಲೆಬಾಳುತ್ತದೆ. ಮೊಬೈಲಿನ ಸಂದೇಶಗಳನ್ನೆಲ್ಲ ಓದಲು ಅನುಮತಿ ಕೇಳಿ, ಮರುದಿನವೇ ಸಾಲ ಬೇಕೇ ಎನ್ನುವ ಆಪ್‌ಗಳಿಂದ ದೂರವಿರುವುದು ಕ್ಷೇಮ. ಪಿನ್, ಒಟಿಪಿಗಳನ್ನು ಯಾವ ಲೆಕ್ಕದ ತಂತ್ರಾಂಶಕ್ಕೂ ಕೊಡಬೇಕಾಗಿಲ್ಲ.

ದೊಡ್ಡ ಕಂಪನಿಯದೆಂದ ಮಾತ್ರಕ್ಕೆ ಶಾಶ್ವತವೂ ಅಲ್ಲ. ಮೈಕ್ರೋಸಾಫ್ಟ್ ಮನಿ 2009ರಲ್ಲಿ ನಿಂತಿತು. ಅಮೆರಿಕದಲ್ಲಿ ಬಹುಜನ ಬಳಸುತ್ತಿದ್ದ ಮಿಂಟ್ 2024ರಲ್ಲಿ ಮುಚ್ಚಿತು. ಆದ್ದರಿಂದ ಲೆಕ್ಕದ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಡಬೇಕು. ವರ್ಷಾಂತ್ಯದ ತಃಖ್ತೆಯನ್ನು ಕಾಗದದಲ್ಲಿ ಮುದ್ರಿಸಿ ಆರ್‌ಟಿಸಿ, ಪಾಸ್‌ಬುಕ್ಕುಗಳ ಜೊತೆಗೇ ಇಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಯಜಮಾನನ ತಲೆಯಲ್ಲಿ ಮಾತ್ರ ಇರುವ ಲೆಕ್ಕ ಅವನ ಜೊತೆಗೇ ಹೋಗುತ್ತದೆ. ಎಲ್ಲಿ ಠೇವಣಿ ಇದೆ, ಯಾರಿಗೆ ಎಷ್ಟು ಕೊಡಬೇಕು, ಯಾವ ವಿಮೆಯ ಕಂತು ಯಾವಾಗ ಎಂಬುದು ತಿಳಿಯದೆ ಹೆಂಡತಿ ಮಕ್ಕಳು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವ ಸ್ಥಿತಿ ಯಾವ ಮನೆಗೂ ಬರಬಾರದು. ಮನೆಯ ಖಾತೆ ಬರೆಯುವ ಕೆಲಸ ಗೃಹಿಣಿಯ ಕೈಯಲ್ಲಿರಲಿ. ತೋಟದ ಖಾತೆಯನ್ನು ಅವರೂ ನೋಡುವಂತಿರಲಿ. ವಾರಕ್ಕೊಮ್ಮೆ, ಬಟವಾಡೆಯ ಸಂಜೆ, ಅರ್ಧ ಗಂಟೆ ಸಾಕು.

ಸಂಘದಿಂದಲೂ ಎರಡು ಕೆಲಸ ಆಗಬೇಕೆಂದು ನಾವು ಬಯಸುತ್ತೇವೆ. ಸದಸ್ಯರ ಸಾಲ, ಠೇವಣಿ, ಗೊಬ್ಬರ ಖರೀದಿಯ ವಿವರಗಳು ತಂತ್ರಾಂಶಕ್ಕೆ ನೇರವಾಗಿ ಸೇರಿಸಬಹುದಾದ ರೂಪದಲ್ಲಿ ವರ್ಷಕ್ಕೊಮ್ಮೆಯಾದರೂ ಸಿಗಬೇಕು. ಮಳೆಗಾಲದ ಬಿಡುವಿನಲ್ಲಿ ಒಂದು ದಿನದ ತರಬೇತಿ ಏರ್ಪಡಬೇಕು; ಅದಕ್ಕೆ ಸದಸ್ಯರು ದಂಪತಿ ಸಮೇತರಾಗಿ ಬರಬೇಕು. ಕಂಪ್ಯೂಟರ್ ಇಲ್ಲದ ಮನೆಯವರು ಇದೇ ಮೂರು ತಿದ್ದುಪಡಿಗಳನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಮಾಡಿದರೂ ನಡೆಯುತ್ತದೆ. ಮುಂದಿನ ಕೊಯ್ಲಿಗೆ ಮುಂಗಡಕ್ಕಾಗಿ ಕೈಯೊಡ್ಡದೆ ನಿಂತವನಿಗೆ ಮಾತ್ರ ದರ ಕೇಳುವ ಧೈರ್ಯ ಬರುತ್ತದೆ.