ಮೈಕು ಹಿಡಿದವರು ಮೊದಲು 'ನಾನು' ಬಿಡಲಿ

ದಾಸರ ಪದ ಕೊನೆಯ ನುಡಿಗೆ ಬಂದಾಗ ಒಮ್ಮೆ ಗಮನ ಕೊಟ್ಟು ಕೇಳಿ. ಅಲ್ಲಿ ಬರೆದವರ ಮನೆತನದ ಹೆಸರು ಇರುವುದಿಲ್ಲ, ದೇವರ ಹೆಸರು ಇರುತ್ತದೆ. ಅದಕ್ಕೇ ಅಂಕಿತ ಎನ್ನುವುದು. ಶ್ರೀನಿವಾಸ ನಾಯಕ ಎಂಬ ಸಾಹುಕಾರರು ಇದ್ದದ್ದನ್ನೆಲ್ಲ ಬಿಟ್ಟು, ತಂಬೂರಿ ಹಿಡಿದು ಪುರಂದರದಾಸರಾದರು ಎಂಬ ಕಥೆ ನಿಮಗೆಲ್ಲ ಗೊತ್ತು. ಅವರ ಪದಗಳ ಕೊನೆಗೆ ಪುರಂದರ ವಿಠಲ ಇದ್ದಾನೆ, ಶ್ರೀನಿವಾಸ ನಾಯಕರು ಇಲ್ಲ.

ದೂರ ಯಾಕೆ, ನಮ್ಮ ಹಾವೇರಿ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಬಾಡದಲ್ಲಿ ಹುಟ್ಟಿದ ಕನಕದಾಸರ ಅಂಕಿತ ಕಾಗಿನೆಲೆಯಾದಿಕೇಶವ. ಶರೀಫರದು ಶಿಶುನಾಳಧೀಶ. ರಾಣೆಬೆನ್ನೂರಿನ ಗಿರಿಯಮ್ಮನವರದು ಹೆಳವನಕಟ್ಟೆ ರಂಗ. ಒಬ್ಬರು ಕುರುಬರು, ಒಬ್ಬರು ಮುಸ್ಲಿಂ ಮನೆಯಲ್ಲಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯರಾದವರು, ಇನ್ನೊಬ್ಬರು ಹೆಣ್ಣುಮಗಳು. ಮೂವರೂ ಹಾಡು ಕಟ್ಟಿದರು, ಕೊನೆಗೆ ಒಂದು ಊರಿನ ದೇವರ ಹೆಸರು ಹಾಕಿದರು, ತಾವು ಪಕ್ಕಕ್ಕೆ ಸರಿದರು.

ಈಗ ನಮ್ಮ ಊರುಗಳ ಭಜನಾ ಕಾರ್ಯಕ್ರಮಕ್ಕೆ ಬನ್ನಿ.

ಗುಡಿಯ ಮುಂದೆ ಮೊದಲು ಕಾಣುವುದು ಫ್ಲೆಕ್ಸ್. ಮೂಲೆಯಲ್ಲಿ ದೇವರು, ಉಳಿದ ಜಾಗದಲ್ಲೆಲ್ಲ ಕೈಮುಗಿದ ಮುಖಗಳು. ಮಂಡಳಿಯ ಅಧ್ಯಕ್ಷರು, ಗೌರವ ಅಧ್ಯಕ್ಷರು, ಉಪಾಧ್ಯಕ್ಷರು, ಅವರಿಗೆ ಶುಭ ಕೋರುವವರು. ಒಳಗೆ ಪದ ಶುರುವಾಗಿ ಎರಡನೇ ನುಡಿಗೆ ಬಂದಿರುತ್ತದೆ, ಅಷ್ಟರಲ್ಲಿ ಒಬ್ಬರು ಚೀಟಿ ಹಿಡಿದು ಮೈಕಿಗೆ ಬರುತ್ತಾರೆ. ಇಂಥವರಿಂದ 501 ರೂಪಾಯಿ, ಇಂಥವರಿಂದ ಒಂದು ಚೀಲ ಅಕ್ಕಿ, ಅವರಿಗೆ ದೇವರು ಆಯುರಾರೋಗ್ಯ ಕೊಡಲಿ. ಹೆಸರು ತಪ್ಪಿ ಓದಿದರೆ ಅಲ್ಲೇ ಜಗಳ. ಅಂಕಿತದಲ್ಲಿ ತಮ್ಮ ಹೆಸರು ಅಳಿಸಿಕೊಂಡವರ ಪದವನ್ನು ಅರ್ಧಕ್ಕೆ ನಿಲ್ಲಿಸಿ ನಾವು ನಮ್ಮ ಹೆಸರು ಕೂಗಿಸಿಕೊಳ್ಳುತ್ತಿದ್ದೇವೆ. ಇದನ್ನು ಭಕ್ತಿ ಎನ್ನಲು ನಮಗೆ ಬಾಯಿ ಬರುತ್ತಿಲ್ಲ.

ಭಜನೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಇಡೀ ವಿಷಯ ಅಲ್ಲೇ ಇದೆ. ಎಲ್ಲರೂ ನೆಲದ ಮೇಲೆ ಎದುರು ಬದುರಾಗಿ ಕೂರುತ್ತಾರೆ. ಒಬ್ಬರು ಪೇಟಿ, ಒಬ್ಬರು ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಮುಂದಿನವನು ಒಂದು ಸಾಲು ಎತ್ತುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ರಾಗ ತಪ್ಪಿದವನನ್ನು ಹತ್ತು ದನಿ ಮುಚ್ಚಿಕೊಳ್ಳುತ್ತವೆ. ಚೆನ್ನಾಗಿ ಹಾಡುವವನ ದನಿಯೂ ಅದೇ ಹತ್ತರೊಳಗೆ ಕರಗಿ ಹೋಗುತ್ತದೆ. ಒಬ್ಬ ಉಸಿರು ತೆಗೆದುಕೊಳ್ಳಲು ನಿಂತರೆ ಉಳಿದವರು ಸಾಲು ಬೀಳದಂತೆ ಹಿಡಿದಿರುತ್ತಾರೆ. ಅರ್ಧ ಗಂಟೆ ಹೀಗೆ ಕೂತರೆ ಯಾವುದು ನನ್ನ ದನಿ, ಯಾವುದು ಪಕ್ಕದವನದು ಎಂದು ಕಿವಿಗೆ ತಿಳಿಯುವುದಿಲ್ಲ. ಅಹಂಕಾರ ಬಿಡಬೇಕು ಎಂದು ಪ್ರವಚನದಲ್ಲಿ ಗಂಟೆಗಟ್ಟಲೆ ಹೇಳುತ್ತಾರಲ್ಲ, ಅದನ್ನು ಓದು ಬರಹ ಬಾರದವರಿಗೂ ಮೈಯಿಂದಲೇ ಕಲಿಸುವ ಉಪಾಯ ಇದು. ಇಷ್ಟು ಜಾಣ ಉಪಾಯ ಇನ್ನೊಂದನ್ನು ನಾವು ಕಂಡಿಲ್ಲ.

ಮೈಕು ಬಂದು ಇದನ್ನು ಮುರಿಯಿತು. ಒಂದೇ ಮೈಕು, ಅದು ಒಬ್ಬನ ಬಾಯಿಯ ಮುಂದೆ. ಎಕೋ ಹಾಕಿದರೆ ಆ ಒಬ್ಬನ ದನಿ ಹತ್ತು ಜನರ ದನಿಯಾಗುತ್ತದೆ, ಸುತ್ತ ಕೂತ ಹತ್ತು ಜನರದು ಒಬ್ಬರದೂ ಕೇಳುವುದಿಲ್ಲ. ಕೇಳದ ಮೇಲೆ ಹಾಡುವುದು ಯಾಕೆ? ಒಬ್ಬೊಬ್ಬರೇ ಬಾಯಿ ಮುಚ್ಚುತ್ತಾರೆ. ತಾಳ ಹಿಡಿದ ಕೈ ಮೊಬೈಲ್ ಹಿಡಿಯುತ್ತದೆ. ಹಾಡುವ ಮಂಡಳಿ ನೋಡುವ ಮಂಡಳಿಯಾಗುತ್ತದೆ. ಕೊನೆಗೆ ಆ ಒಬ್ಬನೂ ಬೇಸತ್ತು ಪೆನ್‌ಡ್ರೈವ್ ಹಾಕಿ ಊಟಕ್ಕೆ ಏಳುತ್ತಾನೆ. ಏಳು ದಿನ ಹಗಲು ರಾತ್ರಿ ದನಿ ಬಿಡದೆ ನಡೆಯಬೇಕಾದ ಸಪ್ತಾಹದಲ್ಲಿ ನಡುರಾತ್ರಿ ಪೆನ್‌ಡ್ರೈವ್ ಒಂದೇ ಭಜನೆ ಮಾಡುವುದನ್ನು ನಮ್ಮಲ್ಲಿ ಹಲವರು ಕಣ್ಣಾರೆ ನೋಡಿದ್ದೇವೆ. ಪೆನ್‌ಡ್ರೈವಿಗೆ ಅಹಂಕಾರ ಇಲ್ಲ, ಅದೊಂದು ನಿಜ.

ನಮ್ಮ ವಯಸ್ಸಿನವರನ್ನೂ ಬಿಡುವುದಿಲ್ಲ. ಕಣ್ಣುಮುಚ್ಚಿ ಹಾಡುತ್ತಾ, ನಡುನಡುವೆ ಒಂದು ಕಣ್ಣು ತೆರೆದು ಲೈವ್‌ನಲ್ಲಿ ಎಷ್ಟು ಜನ ಇದ್ದಾರೆಂದು ನೋಡುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ.

ಇಷ್ಟೇ ಆಗಿದ್ದರೆ ಹಳೆಯದನ್ನು ನೆನೆದು ಗೊಣಗುವವರು ಎಂದು ನೀವು ನಮ್ಮನ್ನು ಬಿಡಬಹುದಿತ್ತು. ನಮ್ಮ ನಿಜವಾದ ಸಿಟ್ಟು ಬೇರೆ ಕಡೆ ಇದೆ. 'ಅಹಂಕಾರ ಬಿಡು' ಎಂಬ ಮಾತನ್ನು ನಮ್ಮ ಊರುಗಳಲ್ಲಿ ಯಾರು ಯಾರಿಗೆ ಹೇಳುತ್ತಾರೆ, ಸ್ವಲ್ಪ ಗಮನಿಸಿ.

ನಮ್ಮ ಗುಂಪಿನ ಒಬ್ಬಳ ಊರಿನ ಮಾತು. ಅಲ್ಲಿ ದಮ್ಮಡಿ ಬಾರಿಸುವುದರಲ್ಲಿ ಕೇರಿಯ ಒಬ್ಬ ಹುಡುಗನನ್ನು ಮೀರಿಸುವವರಿಲ್ಲ. ಸಪ್ತಾಹ ಬಂತೆಂದರೆ ಅವನಿಗೆ ಕರೆ ಹೋಗುತ್ತದೆ. ಆದರೆ ಕೂರುವುದು ಕಟ್ಟೆಯ ಕೆಳಗೆ, ಎಲ್ಲರಿಗಿಂತ ಎರಡು ಮೆಟ್ಟಿಲು ಕೆಳಗೆ. ಒಂದು ವರ್ಷ ಅವನು ಕೇಳಿಯೇಬಿಟ್ಟ, 'ಯಪ್ಪಾ, ಕೆಳಗ ಕುಂತ್ರ ತಾಳ ಸರಿಯಾಗಿ ಕೇಳಂಗಿಲ್ರಿ, ನಾನೂ ಮ್ಯಾಲ ಕುಂದರ್ತೀನ್ರಿ' ಎಂದು. ಹಿರಿಯರೊಬ್ಬರು ನಗುತ್ತಲೇ ಹೇಳಿದರಂತೆ, 'ದೇವರ ಮುಂದ ನಾನು ಅನ್ನಬಾರದೋ ತಮ್ಮಾ, ಎಲ್ಲಿ ಕುಂತರೂ ಅವನ ಪಾದಾನ.' ಸುತ್ತಲಿದ್ದವರು ಹೌದು ಹೌದು ಎಂದರು. ಹುಡುಗ ಆ ವರ್ಷ ಬಾರಿಸಿದ. ಮರುವರ್ಷ ಬರಲಿಲ್ಲ. ಈಗ ಆ ಊರಿನ ಸಪ್ತಾಹಕ್ಕೆ ದಮ್ಮಡಿಯ ಸದ್ದನ್ನೂ ಕೀಬೋರ್ಡಿನಲ್ಲಿ ತೆಗೆಯುತ್ತಾರೆ.

ಎಲ್ಲಿ ಕೂತರೂ ಅವನ ಪಾದವೇ ಆಗಿದ್ದರೆ ಆ ಹಿರಿಯರು ಕೆಳಗಿಳಿದು ಕೂರಬಹುದಿತ್ತಲ್ಲ? ಶರಣಾಗತಿಯ ಪಾಠ ಹೇಳುವವರಿಗೆ ಎರಡು ಮೆಟ್ಟಿಲು ಇಳಿಯುವುದು ಇಷ್ಟು ಕಷ್ಟವೇ? ಕಟ್ಟೆ ಹತ್ತಬೇಡ ಎನ್ನುವುದು ಕಾನೂನಿನಲ್ಲಿ ಅಪರಾಧ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಎಷ್ಟೋ ವರ್ಷಗಳಾದವು. ಆದರೆ 'ಹತ್ತಬೇಡ' ಎಂದು ಯಾರೂ ಹೇಳಲಿಲ್ಲ ನೋಡಿ. ಭಕ್ತಿಯ ಮಾತಿನಲ್ಲಿ ಸುತ್ತಿ ಕೊಟ್ಟರು. ಅದಕ್ಕೇ ಈ ಮಾತು ನಮಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಹೆಣ್ಣುಮಕ್ಕಳ ಮಂಡಳಿಗೂ ಇದೇ ಗತಿ. ಪದಗಳು ಅವರಿಗೇ ಹೆಚ್ಚು ಬಾಯಿಪಾಠ. ಆದರೂ ಅವರ ಪಾಳಿ ಮಧ್ಯಾಹ್ನ, ಗುಡಿ ಖಾಲಿ ಇರುವಾಗ. ರಾತ್ರಿ ಪಾಳಿ ಕೇಳಿದರೆ 'ಮೈಕಿನ ಮುಂದೆ ಮೆರೆಯುವ ಆಸೆ' ಎಂಬ ಮಾತು ಬರುತ್ತದೆ. ಅದೇ ಬಾಯಿ ಸ್ವಲ್ಪ ಹೊತ್ತಿಗೆ ಗಿರಿಯಮ್ಮನವರ ಪದ ಹಾಡುತ್ತದೆ.

ವ್ಯಾಸರಾಯರು ಮತ್ತು ಕನಕದಾಸರ ಕಥೆಯನ್ನು ನಮ್ಮ ಕಡೆ ಪ್ರವಚನ ಹೇಳುವವರು ಬಿಡುವುದೇ ಇಲ್ಲ. ಗುರುಗಳು ಸಭೆಯಲ್ಲಿ ಇಲ್ಲಿ ಯಾರು ಮೋಕ್ಷಕ್ಕೆ ಹೋಗುತ್ತಾರೆ ಎಂದು ಕೇಳಿದರಂತೆ. ಅವರು ಹೋಗುವುದಿಲ್ಲ, ಇವರೂ ಹೋಗುವುದಿಲ್ಲ ಎಂದ ಕನಕರು, ನೀನು ಹೋಗುತ್ತೀಯಾ ಎಂದಾಗ, 'ನಾನು' ಹೋದರೆ ಹೋಗಬಹುದು ಎಂದರಂತೆ. ಪಂಡಿತರು ಮೊದಲು ಸಿಟ್ಟಾದರು, ಆಮೇಲೆ ಅರ್ಥವಾಯಿತು. ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಎಲ್ಲರೂ ತಲೆದೂಗುತ್ತಾರೆ. ಆದರೆ ಕನಕರು ಆ ಮಾತು ಹೇಳಿದ್ದು ಯಾರ ಮುಂದೆ? ತಮಗಿಂತ ಮೇಲೆ ಕೂತಿದ್ದ ಪಂಡಿತರ ಮುಂದೆ. ನೀವು ಯಾರೂ ಹೋಗುವುದಿಲ್ಲ ಎಂದು ಮುಖಕ್ಕೆ ಹೇಳಿದ ಮೇಲೆ. ಕೆಳಗೆ ಕೂತವರನ್ನು ಇನ್ನಷ್ಟು ಕೆಳಗೆ ಕೂರಿಸಲು ಅವರು ಅದನ್ನು ಹೇಳಲಿಲ್ಲ.

ತಗ್ಗುವುದು ಬೇರೆ, ತುಳಿಸಿಕೊಳ್ಳುವುದು ಬೇರೆ ಎಂಬುದಕ್ಕೆ ಕನಕದಾಸರ ರಾಮಧಾನ್ಯ ಚರಿತ್ರೆಯನ್ನೇ ನೋಡಿ. (ನಮ್ಮದು ಜೋಳದ ಸೀಮೆ, ರಾಗಿಯ ಕಥೆ ನಮ್ಮ ಕಡೆಯ ಮಂಡಳಿಗಳಿಗೆ ಅಷ್ಟು ರೂಢಿ ಇಲ್ಲ. ಇರಬೇಕಿತ್ತು.) ಧಾನ್ಯಗಳಲ್ಲಿ ಯಾರು ದೊಡ್ಡವರು ಎಂಬ ವಾದ ರಾಮನ ಸಭೆಗೆ ಬರುತ್ತದೆ. ಭತ್ತ ರಾಗಿಯನ್ನು ಕೀಳೆಂದು ಹಳಿಯುತ್ತದೆ. ಆಗ ರಾಗಿ ಏನು ಮಾಡಿತು? ತಲೆ ತಗ್ಗಿಸಿ 'ನಿನ್ನ ಪಾದ' ಎನ್ನಲಿಲ್ಲ. ತುಂಬಿದ ಸಭೆಯಲ್ಲಿ ಎದ್ದು, ನೀನು ಉಳ್ಳವರ ಅನ್ನ, ಬರಗಾಲದಲ್ಲಿ ಬಡವರ ಹೊಟ್ಟೆ ಕಾಯುವವನು ನಾನು ಎಂದು ವಾದ ಹೂಡಿತು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಹೊರಗೆ ತೆಗೆದಾಗ ಭತ್ತ ಕಳೆಗುಂದಿತ್ತು, ರಾಗಿ ಗಟ್ಟಿಯಾಗಿತ್ತು. ರಾಮ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಟ್ಟ. ಬರೆದವರು ದೊಡ್ಡ ಭಕ್ತರು, ಶರಣಾಗತಿ ಏನೆಂದು ಬಲ್ಲವರು. ಎದುರು ಮಾತಾಡಿದ ರಾಗಿಯನ್ನು ಅವರು ಅಹಂಕಾರಿ ಎನ್ನಲಿಲ್ಲ. ಅಹಂಕಾರ ಇದ್ದದ್ದು ಭತ್ತಕ್ಕೆ.

ದಮ್ಮಡಿ ಹುಡುಗ ಕೇಳಿದ್ದು ರಾಗಿಯ ಮಾತು. ಅವನಿಗೆ ಸಿಕ್ಕಿದ್ದು ಭತ್ತದ ಉತ್ತರ.

ಮಂಡಳಿಯ ಹಿರಿಯರ ವಾದವನ್ನೂ ಕೇಳಿದ್ದೇವೆ. ದಾನಿಗಳ ಹೆಸರು ಹೇಳದಿದ್ದರೆ ದುಡ್ಡು ಯಾರು ಕೊಡುತ್ತಾರೆ, ಗುಡಿಯ ಮೇಲ್ಛಾವಣಿ ಯಾರು ಮಾಡಿಸುತ್ತಾರೆ ಎನ್ನುತ್ತಾರೆ. ಸರಿ, ಲೆಕ್ಕ ಬೇಕು. ಒಂದು ಹಾಳೆಯಲ್ಲಿ ಬರೆದು ಗುಡಿಯ ಗೋಡೆಗೆ ಅಂಟಿಸಿ, ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂದು. ಹಲವು ಮಂಡಳಿಗಳಲ್ಲಿ ದಾನಿಯ ಹೆಸರು ಹತ್ತು ಸಲ ಕೇಳುತ್ತದೆ, ಖರ್ಚಿನ ಲೆಕ್ಕ ಒಂದು ಸಲವೂ ಕೇಳುವುದಿಲ್ಲ. ಪದದ ನಡುವೆ ಮಾತ್ರ ಓದಬೇಡಿ.

ಮೈಕು ಇಲ್ಲದಿದ್ದರೆ ಜನ ಬರುವುದಿಲ್ಲ ಎನ್ನುತ್ತಾರೆ. ಮೈಕು ಬಂದ ಮೇಲೆಯೇ ಜನ ಕಡಿಮೆಯಾದದ್ದು ಎಂದು ನಮ್ಮ ಅಜ್ಜಂದಿರು ಹೇಳುತ್ತಾರೆ, ನಮಗೂ ಹಾಗೇ ಕಾಣುತ್ತದೆ. ಇನ್ನು ಧರ್ಮಕ್ಕೆ ಅಡ್ಡಿ ಎನ್ನುವವರಿಗೆ ಒಂದು ಮಾತು. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಎಂದು ಯಾವ ಧರ್ಮವೂ ಹೇಳಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅದು ಚೆನ್ನೈನ ಒಂದು ಚರ್ಚಿನ ಮೊಕದ್ದಮೆ. ಹಾಗಾಗಿ ಹಿಂದೂಗಳಿಗೆ ಮಾತ್ರ ಹೇಳುತ್ತಾರೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅದೇ ವರ್ಷದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಕ್ಕೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ದಮ್ಮಡಿ, ತಾಳ, ಬಾಯಿ ಹಿಡಿದು ಗುಡಿಯೊಳಗೆ ಬೆಳಗಿನವರೆಗೆ ಕೂತು ಹಾಡಿದರೆ ಈ ನಿಯಮ ಅಡ್ಡ ಬರುವುದಿಲ್ಲ. ಮೊದಲೂ ಹಾಗೇ ಹಾಡುತ್ತಿದ್ದರು.

ಶ್ರಾವಣಕ್ಕೆ ಮುಂಚೆ ನಿಮ್ಮ ಮಂಡಳಿಯ ಸಭೆ ಕೂಡುತ್ತದೆ. ಸೌಂಡ್ ಸಿಸ್ಟಮ್‌ನವರಿಗೆ ಅಡ್ವಾನ್ಸ್ ಕೊಡುವ ಮಾತು ಬಂದಾಗ ಯಾರಾದರೂ ಎದ್ದು ಕೇಳಿ, ಈ ಸಲ ಒಂದು ವಾರ ಮೈಕಿಲ್ಲದೆ ಕೂರೋಣವೇ, ಆ ದುಡ್ಡಿಗೆ ಎರಡು ದಮ್ಮಡಿ, ನಾಲ್ಕು ಜೋಡಿ ತಾಳ ತರೋಣವೇ ಎಂದು. ರಾತ್ರಿಯ ಒಂದು ಪಾಳಿ ಹೆಣ್ಣುಮಕ್ಕಳಿಗೆ ಬರೆಯಿರಿ. ಕೇರಿಗೆ ಹೋಗಿ ಕರೆಯುವಾಗ ಬಾರಿಸುವವನನ್ನು ಮಾತ್ರ ಕರೆಯಬೇಡಿ, ಮನೆಯವರನ್ನೆಲ್ಲ ಕರೆಯಿರಿ. ಬಂದವರು ಎಲ್ಲಿ ಕೂರಬೇಕೆಂದು ಯಾರಾದರೂ ಕೈ ತೋರಿಸಿದರೆ, ಆ ಕೈ ತೋರಿಸಿದ ಜಾಗದಲ್ಲಿ ಮೊದಲು ಅಧ್ಯಕ್ಷರು ಹೋಗಿ ಕೂರಲಿ.