ಸಂಘದ ಬಲ ಯಾರ ಪಾಲಿಗೆ?

2023ರ ಮಾರ್ಚ್ 1ರಂದು ಶಿಕ್ಷಕರೂ ಸೇರಿ ಸರಕಾರಿ ನೌಕರರು ಮುಷ್ಕರ ಹೂಡಿದರು, ಅಂದೇ ಶೇ. 17 ಮಧ್ಯಂತರ ಪರಿಹಾರ ದಕ್ಕಿತು. ಹಕ್ಕು ಕೇಳಿದ್ದನ್ನು ನಾವು ತಪ್ಪೆನ್ನುವುದಿಲ್ಲ.

ಆದರೆ 2025ರ ಅಕ್ಟೋಬರ್‌ನಲ್ಲಿ ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋದರೆಂದು ಸರಕಾರಿ, ಅನುದಾನಿತ ಶಾಲೆಗಳ ದಸರಾ ರಜೆ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಕು, ಅದಕ್ಕೆ ಬಡಮಕ್ಕಳ ಪಾಠವೇ ಬಲಿಯಾಗಬೇಕೆ? ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಈ ಅಸ್ತ್ರವಿದ್ದೂ ಶಿಕ್ಷಕರ ಸಂಘ ಕೇಳಿದ್ದು ಇನ್ನೂ 10 ದಿನಗಳ ಕಾಲಾವಕಾಶ!

ಪುತ್ತೂರು, ಸುಳ್ಯ, ಕಡಬದ ಅಡಿಕೆ, ರಬ್ಬರ್ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ಸರಕಾರಿ ಶಾಲೆಯೇ ಗತಿ, ಅವರಿಗೆ ಸಂಘವಿಲ್ಲ. ಶಿಕ್ಷಕ ಮುಖಂಡರಲ್ಲಿ ನಾವು ಕೇಳುವುದಿಷ್ಟೇ: ವೇತನಕ್ಕಾಗಿ ಏರಿದ ದನಿ ತರಗತಿಗಾಗಿ ಏರುವುದು ಯಾವಾಗ?